ಪತ್ತೇದಾರ ಪುರುಷೋತ್ತಮನೂ ವಾಚಕರ ಮತಭೇದವೂ

ಕನ್ನಡದಲ್ಲಿ ಕೊಲೆ ಕಳವುಗಳ ಕಥೆಯನ್ನು ಓದಿದವರು ಬಹು ಮಂದಿ. ಓದಿದೆವೆಂದು ಹತ್ತು ಜನರ ಮುಂದೆ ಒಪ್ಪಿಕೊಂಡವರು ಅತ್ಯಲ್ಪ. ಈ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿಯೇ ನಮ್ಮ ಸಾಹಿತ್ಯಚರಿತ್ರೆಯ ಒಂದು ಅಧ್ಯಾಯವು ಅಡಗಿಕೊಂಡಿರುವುದು. ಅದನ್ನು ಬರೆದವರು ವಿರಳ. ಬರೆಯದೆ ಹೋದುದಕ್ಕೆ ಕಾರಣವು ವಿಷಯದ ಅಲ್ಪತ್ವವಲ್ಲ, ಅಲ್ಪವೆಂದು ಮೊದಲೇ ನಿಶ್ಚಯಿಸಿಕೊಂಡ ಮನೋಭಾವವು.

ಎನ್. ನರಸಿಂಹಯ್ಯನವರ ಮೊದಲನೆಯ ಕಾದಂಬರಿ 'ಪತ್ತೇದಾರ ಪುರುಷೋತ್ತಮ' ಹೊರಬಿದ್ದುದು 1952ರಲ್ಲಿ. 1925ರಲ್ಲಿ ಚಿಕ್ಕಮಗಳೂರು ಸೀಮೆಯಲ್ಲಿ ಜನಿಸಿದ ಈ ಗ್ರಂಥಕರ್ತರು ಪಾಠಶಾಲೆಯ ಮೆಟ್ಟಿಲನ್ನು ನಾಲ್ಕನೆಯ ತರಗತಿಯವರೆಗೆ ಮಾತ್ರ ಹತ್ತಿದವರು. ಉದರಭರಣಾರ್ಥವಾಗಿ ನಾನಾ ಕೆಲಸಗಳನ್ನು ಮಾಡಿ, ಕಡೆಗೆ ಲೇಖನಿಯನ್ನೇ ನಂಬಿ, ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, 2011ರ ಡಿಸೆಂಬರಿನಲ್ಲಿ ಕಾಲವಶರಾದರು. ಐನೂರು ಎಂಬ ಸಂಖ್ಯೆಯನ್ನು ಕೇಳಿದ ಕೂಡಲೇ ಪಂಡಿತರ ಹುಬ್ಬು ಮೇಲೇರುವುದು ಸಹಜ. ಅಷ್ಟು ಬರೆದವರು ಚೆನ್ನಾಗಿ ಬರೆದಾರೆಯೆ ಎಂಬುದು ಆ ಹುಬ್ಬಿನ ಪ್ರಶ್ನೆ. ಅಷ್ಟನ್ನು ಓದಿದವರು ಯಾರು, ಏತಕ್ಕೆ ಓದಿದರು ಎಂಬುದು ಚರಿತ್ರೆಯ ಪ್ರಶ್ನೆ. ಎರಡನ್ನೂ ಒಂದೇ ಎಂದು ತಿಳಿದುದರಿಂದಲೇ ಬಹಳ ಗೊಂದಲವುಂಟಾಗಿದೆ.

ಇವರ ಸಮಕಾಲೀನರಾಗಿ ಇದೇ ಮಾರ್ಗದಲ್ಲಿ ನಡೆದವರು ಮ. ರಾಮಮೂರ್ತಿಗಳು (1918–1967). ಕೆಂಪು ಹಳದಿ ಬಣ್ಣಗಳ ಕನ್ನಡ ಬಾವುಟವನ್ನು ನಾಡಿಗೆ ಕೊಟ್ಟವರೆಂದು ಅವರ ಹೆಸರು ಪ್ರತಿವರ್ಷ ನವೆಂಬರ್ ತಿಂಗಳಿನಲ್ಲಿ ಕೇಳಿಬರುತ್ತದೆ. ಅದೇ ಕೈಯಿಂದ ಪತ್ತೇದಾರಿ ಕಾದಂಬರಿಗಳೂ ಹೇರಳವಾಗಿ ಹೊರಟವೆಂಬುದನ್ನು ಸಭೆಗಳಲ್ಲಿ ಹೇಳುವವರು ಕಡಮೆ. ಬಾವುಟವನ್ನು ಏರಿಸಿ ಪುಸ್ತಕವನ್ನು ಮಡಿಸಿಟ್ಟರೆಂದು ಹೇಳಬಹುದು.

'ಪತ್ತೇದಾರ' ಎಂಬ ಶಬ್ದವನ್ನು ಕುರಿತು ಒಂದು ಮಾತು. 'ಪತ್ತೆ' ಎಂಬುದು ಹಿಂದೂಸ್ತಾನಿಯ 'ಪತಾ' ಶಬ್ದದಿಂದ ಬಂದುದು. 'ದಾರ' ಎಂಬುದು ಪಾರಸೀಕ ಪ್ರತ್ಯಯ. ಶಿರಸ್ತೇದಾರ, ಫೌಜುದಾರ, ಜಮೀನುದಾರರ ಪಂಕ್ತಿಯಲ್ಲಿ ಇವನೂ ಒಬ್ಬನು. ಸಂಸ್ಕೃತದಲ್ಲಿ ಚಾರ, ಗೂಢಪುರುಷ ಮೊದಲಾದ ಪದಗಳುಂಟಾದರೂ ಅವು ರಾಜನ ಕಣ್ಣುಗಳನ್ನು ಹೇಳುವುವೇ ಹೊರತು, ಖಾಸಗಿಯಾಗಿ ಸತ್ಯವನ್ನು ಹುಡುಕುವ ಗೃಹಸ್ಥನನ್ನು ಹೇಳುವುದಿಲ್ಲ. ಹೀಗೆ ಶಬ್ದವು ಕಚೇರಿಯಿಂದ ಬಂದಿತು. ಆದರೆ ನರಸಿಂಹಯ್ಯನವರು ತಮ್ಮ ಪತ್ತೇದಾರರಿಗೆ ಇಟ್ಟ ಹೆಸರುಗಳು ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬುವು. ಮೊದಲೆರಡು ಆಚಮನ ಕಾಲದಲ್ಲಿ ಉಚ್ಚರಿಸುವ ಇಪ್ಪತ್ತನಾಲ್ಕು ನಾಮಗಳಲ್ಲಿ ಸೇರಿದುವು. ಮೂರನೆಯದಕ್ಕೆ ಶತ್ರುಗಳನ್ನು ಜಯಿಸುವವನೆಂದು ಅರ್ಥ. ಅರ್ಧ ಪಾರಸಿಯ ಉದ್ಯೋಗಕ್ಕೆ ಪೂರ್ಣ ವೈಷ್ಣವ ನಾಮಧೇಯ! ಲಂಡನ್ನಿನ ಹೋಮ್ಸನ ಹೆಸರನ್ನು ಕೇಳಿದವನಿಗೆ ಅವನು ಗೆಲ್ಲುವನೋ ಸೋಲುವನೋ ಎಂಬುದು ಹೆಸರಿನಿಂದ ತಿಳಿಯದು. ಮಧುವೆಂಬ ರಾಕ್ಷಸನನ್ನು ಕೊಂದವನ ಹೆಸರನ್ನು ಹೊತ್ತ ಪತ್ತೇದಾರನು ರಕ್ಷಾಪುಟವನ್ನು ತೆರೆಯುವ ಮುನ್ನವೇ ಗೆದ್ದಿರುವನು. ದುಷ್ಟನಿಗ್ರಹವು ನಿಶ್ಚಿತ, ದುಷ್ಟನು ಯಾರೆಂಬುದಷ್ಟೇ ಸಂದಿಗ್ಧ. ನಮ್ಮ ಜನರು ಹರಿಕಥೆಗೂ ಬಯಲಾಟಕ್ಕೂ ಹೋಗುತ್ತಿದ್ದುದು ಇಂಥ ನಿಶ್ಚಯವನ್ನು ಇಟ್ಟುಕೊಂಡೇ ಅಲ್ಲವೆ? ಈ ಕಾದಂಬರಿಗಳ ಜನಪ್ರಿಯತೆಗೆ ಪಾಶ್ಚಾತ್ಯರ ಅನುಕರಣವೊಂದನ್ನೇ ಕಾರಣವಾಗಿ ಹೇಳುವವರು ಈ ಅಂಶವನ್ನು ಗಮನಿಸಿದಂತೆ ಕಾಣುವುದಿಲ್ಲ.

ಈ ಬಗೆಯ ಪುಸ್ತಕಗಳು ಊರಿಂದೂರಿಗೆ ಹರಡುವುದಕ್ಕೆ ಕಡೂರು, ತರೀಕೆರೆ, ಅಜ್ಜಂಪುರಗಳಂಥ ಊರುಗಳು ಹೇಳಿಮಾಡಿಸಿದಂತಿದ್ದುವು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಹಾದಿಯು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಗುತ್ತದೆ. ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗೆಗೆ ಹೋಗುವ ಹಾದಿಯಲ್ಲಿ ತರೀಕೆರೆಯಿದೆ. ಒಂದು ಕಡೆ ಕಡೂರಿನ ತೆಂಗು ರಾಗಿಗಳ ಬಯಲುಸೀಮೆ, ಇನ್ನೊಂದು ಕಡೆ ತರೀಕೆರೆಯ ಅಡಕೆ ತೋಟಗಳು, ಮತ್ತೊಂದು ಕಡೆ ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದ ಎರೆಭೂಮಿ. ಮಲೆನಾಡೂ ಅಲ್ಲದ ಬಯಲೂ ಅಲ್ಲದ ಈ ಎಡೆಯಲ್ಲಿ ಸಂತೆಗೆ ಬಂದವನು ಬಂಡಿಗೋ ರೈಲಿಗೋ ಕಾಯುತ್ತ ಕುಳಿತುಕೊಳ್ಳುವ ಗಂಟೆಗಳು ಬಹಳ. ಚೀಲದಲ್ಲಿ ಹಿಡಿಸುವ, ಒಂದು ಪ್ರಯಾಣದಲ್ಲಿ ಮುಗಿಯುವ, ಅಗ್ಗದ ಬೆಲೆಯ ಪುಸ್ತಕಕ್ಕೆ ಆ ಗಂಟೆಗಳೇ ಪೋಷಕರು. 1951ರ ಜನಗಣತಿಯಂತೆ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 18 ಮಂದಿ ಮಾತ್ರ. ಪುರುಷೋತ್ತಮನು ಹುಟ್ಟಿದುದು ಆ ಲೆಕ್ಕವು ಬಂದ ಮರುವರ್ಷವೇ. ಮನೆಗೊಬ್ಬನು ಓದುಬಲ್ಲವನಿದ್ದರೆ ನಾಲ್ವರು ಕೇಳುವವರಿರುತ್ತಿದ್ದ ಕಾಲವದು. ಆದುದರಿಂದ ಓದಿದವರ ಸಂಖ್ಯೆಯನ್ನು ಮಾರಾಟವಾದ ಪ್ರತಿಗಳಿಂದ ಎಣಿಸಲಾಗದು.

ಹೀಗೆ ಮನೆಯೊಳಕ್ಕೆ ಬಂದ ಪುಸ್ತಕದ ವಿಷಯದಲ್ಲಿ ಸುಶಿಕ್ಷಿತ ಕುಟುಂಬಗಳಲ್ಲಿ ಭಿನ್ನಾಭಿಪ್ರಾಯವು ತಲೆದೋರಿತು. ಮನೆಯ ಯಜಮಾನರ ಪಕ್ಷವು ಇಂಥ ಕಥೆಗಳನ್ನು ಓದಿದ ಹುಡುಗನು ಕೆಡುವನೆಂಬುದು. ಕನ್ನ ಕೊರೆಯುವ ಬಗೆ, ವಿಷವಿಕ್ಕುವ ಬಗೆ, ಸುಳ್ಳುಸಾಕ್ಷಿಯನ್ನು ಕಟ್ಟುವ ಬಗೆಗಳನ್ನು ಎಳೆಯ ಮನಸ್ಸಿಗೆ ಏತಕ್ಕೆ ಕಲಿಸಬೇಕು? ಉಪಾಧ್ಯಾಯರ ಆಕ್ಷೇಪಣೆಯು ಭಾಷೆಯನ್ನು ಕುರಿತುದು: ವಾಕ್ಯವು ಓಡುವುದೇ ಹೊರತು ನಿಲ್ಲುವುದಿಲ್ಲ, ವರ್ಣನೆಗೆ ತಾಳ್ಮೆಯಿಲ್ಲ, ಒಮ್ಮೆ ಓದಿದ ಮೇಲೆ ಎರಡನೆಯ ಸಲಕ್ಕೆ ಏನೂ ಉಳಿಯುವುದಿಲ್ಲ. ಅದೇ ಪುಸ್ತಕವನ್ನು ಗಣಿತದ ಪುಸ್ತಕದೊಳಗೆ ಮರೆಮಾಡಿಕೊಂಡು ಓದುತ್ತಿದ್ದ ಹುಡುಗನಿಗೆ ಅಭಿಪ್ರಾಯವೆಂಬುದೇ ಇರಲಿಲ್ಲ. ಮುಂದಿನ ಪುಟ ಬೇಕಾಗಿತ್ತು, ಅಷ್ಟೆ. ಹೆಂಗಸರ ಅಭಿಪ್ರಾಯವನ್ನು ಆ ಕಾಲದಲ್ಲಿ ಯಾರೂ ಬರೆದಿಡಲಿಲ್ಲ. ಆದರೆ ಅಡುಗೆಮನೆಯ ಬಾಗಿಲಿನವರೆಗೆ ಓದುವ ಧ್ವನಿಯು ಕೇಳಿಸುತ್ತಿದ್ದ ಮನೆಗಳಲ್ಲಿ, ಕೊಲೆಗಾರನನ್ನು ಮೊದಲು ಊಹಿಸುತ್ತಿದ್ದವರು ಅವರೇ ಎಂಬ ಮಾತು ಈ ಸೀಮೆಯ ಹಿರಿಯರ ಬಾಯಲ್ಲಿ ಹಾಸ್ಯವಾಗಿ ಬರುವುದುಂಟು. ಮನೆಯ ಒಳಸಂಬಂಧಗಳನ್ನು ಬಲ್ಲವರಿಗೆ ಆಸ್ತಿಯ ಜಗಳದ ಕೊಲೆಯನ್ನು ಊಹಿಸುವುದೇನು ದೊಡ್ಡದು!

ನೀತಿಯ ಆಕ್ಷೇಪಣೆಯನ್ನು ಮೊದಲು ಪರೀಕ್ಷಿಸತಕ್ಕದ್ದು, ಅದು ಭಾರವಾದುದು. ಕಳ್ಳತನದ ವರ್ಣನೆಯು ಓದುಗನನ್ನು ಕಳ್ಳನನ್ನಾಗಿ ಮಾಡುವುದಾದರೆ ಮೊದಲು ನಿಷೇಧಿಸಬೇಕಾದುದು ಶೂದ್ರಕನ ಮೃಚ್ಛಕಟಿಕವನ್ನು. ಅದರ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನವಿಕ್ಕುವನು. ಗೋಡೆಯ ಜಾತಿಯನ್ನು ನೋಡಿ, ಯಾವ ಗೋಡೆಗೆ ಯಾವ ಆಕಾರದ ಕನ್ನವು ಯೋಗ್ಯವೆಂದು ಶಾಸ್ತ್ರೋಕ್ತವಾಗಿ ವಿಚಾರಿಸಿ, ಅಳತೆಯ ದಾರವು ಮರೆತುಹೋದುದರಿಂದ ಯಜ್ಞೋಪವೀತದಿಂದಲೇ ಅಳತೆ ಮಾಡುವನು. ಬೆಳಗಾದ ಮೇಲೆ ಮನೆಯ ಯಜಮಾನನು ಕನ್ನದ ಅಂದವನ್ನು ಮೆಚ್ಚುವನು. ದಂಡಿಯ ದಶಕುಮಾರಚರಿತದಲ್ಲಿ ಅಪಹಾರವರ್ಮನು ಚೌರ್ಯವನ್ನು ವಿದ್ಯೆಯಂತೆ ನಡೆಸುವನು. ಇವೆರಡನ್ನೂ ಪಾಠಶಾಲೆಗಳಲ್ಲಿ ತಲೆತಲಾಂತರದಿಂದ ಹುಡುಗರಿಗೆ ಓದಿಸಿರುವರು. ಪಾಠಶಾಲೆಗಳಿಂದ ಹೊರಬಂದವರು ಪುರೋಹಿತರಾದರು, ಪಂಡಿತರಾದರು. ಕನ್ನಗಳ್ಳರಾದ ವಾರ್ತೆಯಿಲ್ಲ. ಕನ್ನಡದಲ್ಲಿಯೂ ವಡ್ಡಾರಾಧನೆಯ ವಿದ್ಯುಚ್ಚೋರನು ಉಂಟು; ದುರ್ಗಸಿಂಹನ ಪಂಚತಂತ್ರದಲ್ಲಿ ವೃಕ್ಷಸಾಕ್ಷಿಯ ಕಥೆಯುಂಟು. ದುಷ್ಟಬುದ್ಧಿಯು ಹೊನ್ನನ್ನು ತಾನೇ ಅಪಹರಿಸಿ, ತಂದೆಯನ್ನು ಮರದ ಪೊಟರೆಯಲ್ಲಿ ಕುಳ್ಳಿರಿಸಿ, ಮರವೇ ಸಾಕ್ಷಿ ನುಡಿಯಿತೆಂದು ನಂಬಿಸಹೊರಟನು. ಧರ್ಮಬುದ್ಧಿಯು ಪೊಟರೆಗೆ ಹೊಗೆಯಿಕ್ಕಿ ನಿಜವನ್ನು ಹೊರಗೆಡಹಿದನು. ಅಪರಾಧ, ಸುಳ್ಳುಸಾಕ್ಷ್ಯ, ಪರೀಕ್ಷೆ, ಬಯಲು ಎಂಬ ನಾಲ್ಕು ಹೆಜ್ಜೆಗಳೂ ಅಲ್ಲಿ ಕ್ರಮವಾಗಿವೆ. ಹನ್ನೊಂದನೆಯ ಶತಮಾನದ ಈ ಕಥೆಯನ್ನು ಶಾಲೆಯ ಪಠ್ಯದಲ್ಲಿಟ್ಟು, ಇಪ್ಪತ್ತನೆಯ ಶತಮಾನದ ಅದೇ ಬಗೆಯ ಕಥೆಯನ್ನು ಶಾಲೆಯ ಚೀಲದಿಂದ ಕಿತ್ತುಕೊಂಡುದು ವಿಚಿತ್ರವೇ ಸರಿ.

ವಿಚಾರಣಾ ಶಾಸ್ತ್ರವೂ ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಮುದ್ರಿಸಿದರಷ್ಟೆ. ಅದರ ನಾಲ್ಕನೆಯ ಅಧಿಕರಣವಾದ ಕಂಟಕಶೋಧನದಲ್ಲಿ ಆಶುಮೃತಕಪರೀಕ್ಷೆ ಎಂಬ ಪ್ರಕರಣವಿದೆ. ಹಠಾತ್ತಾಗಿ ಸತ್ತವನ ದೇಹಕ್ಕೆ ಎಣ್ಣೆ ಲೇಪಿಸಿ ಪರೀಕ್ಷಿಸತಕ್ಕದ್ದೆಂದೂ, ಯಾವ ಚಿಹ್ನೆಯಿದ್ದರೆ ಕೊರಳನ್ನು ಹಿಸುಕಿ ಕೊಂದುದು, ಯಾವುದಿದ್ದರೆ ನೀರಿನಲ್ಲಿ ಮುಳುಗಿಸಿದುದು, ಯಾವುದಿದ್ದರೆ ವಿಷವಿಕ್ಕಿದುದು ಎಂದೂ ಅಲ್ಲಿ ನಿರ್ದೇಶಿಸಿರುವರು. ಆ ಗ್ರಂಥವು ಹೊರಬಿದ್ದಾಗ ಲೋಕವೆಲ್ಲ ರಾಜನೀತಿಯನ್ನು ಹೊಗಳಿತು. ಈ ಪ್ರಕರಣವನ್ನು ಪತ್ತೇದಾರಿ ಕಾದಂಬರಿಕಾರರು ನೋಡಿದ್ದರೆ ಅವರಿಗೆ ಎಷ್ಟು ಸಾಮಗ್ರಿ ದೊರೆಯುತ್ತಿತ್ತೋ!

ನೀತಿಯ ಆಕ್ಷೇಪಣೆಗೆ ಹೀಗೆ ಸಮಾಧಾನ ಹೇಳಬಹುದು. ಆದರೆ ಉಪಾಧ್ಯಾಯರ ಆಕ್ಷೇಪಣೆಯನ್ನು ಶೂದ್ರಕನ ಹೆಸರು ಹೇಳಿ ತಳ್ಳಿಹಾಕಲಾಗದು. ಶರ್ವಿಲಕನ ಕನ್ನವು ಎರಡು ಸಲ, ಹತ್ತು ಸಲ ಓದಿದರೂ ಸವೆಯುವುದಿಲ್ಲ. ಅಪರಾಧಿ ಯಾರೆಂಬ ಒಂದೇ ಕುತೂಹಲದ ಮೇಲೆ ನಿಂತ ಪುಸ್ತಕವು ಆ ಹೆಸರು ತಿಳಿದ ಕ್ಷಣದಲ್ಲಿ ಬರಿದಾಗುವುದು. ವಿರೋಧಿಗಳ ವಾದದಲ್ಲಿ ಗಟ್ಟಿಯಾದುದು ಇದೊಂದೇ. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಉತ್ತರವುಂಟೆ? ನಾಟಕದ ಕಡೆಯ ಸಂಧಿಯಾದ ನಿರ್ವಹಣದಲ್ಲಿ ಅದ್ಭುತರಸವಿರತಕ್ಕದ್ದೆಂದು ಭರತನು ವಿಧಿಸಿರುವನು. ಅಂತ್ಯದಲ್ಲಿ ವಿಸ್ಮಯವಿರುವುದು ದೋಷವಲ್ಲ, ಗುಣ. ಆದರೆ ಭರತನು ಹೇಳಿದುದು ನಾನಾ ರಸಗಳನ್ನು ಹೊತ್ತು ಬಂದ ನಾಟಕದ ಕಡೆಯ ಮಾತು. ದಾರಿಯಲ್ಲಿ ಯಾವ ರಸವನ್ನೂ ಉಣಿಸದೆ ಬಾಗಿಲಿನಲ್ಲಿ ಮಾತ್ರ ವಿಸ್ಮಯವನ್ನಿಟ್ಟರೆ ಅದು ಊಟವಿಲ್ಲದ ತಾಂಬೂಲ. ಸಾವಿರಾರು ಪುಟಗಳನ್ನು ವೇಗವಾಗಿ ಬರೆದವರಿಂದ ಪ್ರತಿಸಲವೂ ಊಟವನ್ನು ನಿರೀಕ್ಷಿಸುವುದು ನ್ಯಾಯವಲ್ಲವಾದರೂ, ತಾಂಬೂಲವನ್ನೇ ಊಟವೆಂದು ಹೇಳುವ ಅಭಿಮಾನಿಗಳೂ ಅಷ್ಟೇ ತಪ್ಪಿದವರು.

ಅಭಿಮಾನಿಗಳ ಮುಖ್ಯವಾದವು ಬೇರೆ. ನರಸಿಂಹಯ್ಯನವರು ಕನ್ನಡಿಗರಿಗೆ ಓದುವ ಚಟವನ್ನು ಹಿಡಿಸಿದರು. ಅವರಿಂದ ಆರಂಭಿಸಿದವರು ಮುಂದೆ ಅ. ನ. ಕೃಷ್ಣರಾಯರನ್ನೂ ಕಾರಂತರನ್ನೂ ಓದಿದರು ಎಂಬುದು. ಇದು ಸತ್ಯವಿರಬಹುದು. ಹಿಂದಿಯಲ್ಲಿ ದೇವಕೀನಂದನ ಖತ್ರಿಯವರ 'ಚಂದ್ರಕಾಂತಾ' ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಬಂದಾಗ, ಅದನ್ನು ಓದುವುದಕ್ಕಾಗಿಯೇ ಜನರು ನಾಗರಿ ಲಿಪಿಯನ್ನು ಕಲಿತರೆಂಬ ಪ್ರಸಿದ್ಧಿಯುಂಟು. ವಂಗದೇಶದಲ್ಲಿ ಪ್ರಿಯನಾಥ ಮುಖೋಪಾಧ್ಯಾಯರ 'ದಾರೋಗಾರ್ ದಪ್ತರ್' 1892ರಿಂದ ಮಾಸಮಾಸಕ್ಕೂ ಮನೆಮನೆಗೆ ಹೋಯಿತು. ಕನ್ನಡದಲ್ಲಿ ಬಿ. ವೆಂಕಟಾಚಾರ್ಯರು ವಂಗಭಾಷೆಯಿಂದ ಕಥೆಗಳನ್ನು ತಂದು ವಾಚಕರನ್ನು ಸೃಷ್ಟಿಸಿದರು. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ಹೆಗಲ ಮೇಲೆ ಹೊತ್ತು ಊರೂರಿಗೆ ಹೋಗಿ ಮಾರಿದರು. ಆ ಪರಂಪರೆಯಲ್ಲಿ ನರಸಿಂಹಯ್ಯನವರಿಗೂ ಸ್ಥಾನವುಂಟೆಂಬುದರಲ್ಲಿ ಸಂಶಯವಿಲ್ಲ. ಆದರೂ ಈ ಪ್ರಶಂಸೆಯು ಅರ್ಧ ನಿಂದೆಯೇ ಆಗಿದೆ. ಏಣಿಯನ್ನು ಹೊಗಳುವವನು ಮಹಡಿಯನ್ನು ಹೊಗಳುತ್ತಾನೆಯೇ ಹೊರತು ಏಣಿಯನ್ನಲ್ಲ. ಪುರುಷೋತ್ತಮನಿಂದ ಆರಂಭಿಸಿ ಪುರುಷೋತ್ತಮನಲ್ಲಿಯೇ ಉಳಿದ ವಾಚಕನೂ ಒಬ್ಬನಿದ್ದನಲ್ಲ! ದಿನವಿಡೀ ದುಡಿದು ರಾತ್ರಿ ದೀಪದ ಬೆಳಕಿನಲ್ಲಿ ಒಂದು ಗಂಟೆ ತನ್ನ ಕಷ್ಟವನ್ನು ಮರೆತ ಅವನು ಯಾವ ಮಹಡಿಯನ್ನೂ ಹತ್ತಲಿಲ್ಲ. ಅವನ ಓದು ವ್ಯರ್ಥವಾಯಿತೆಂದು ಹೇಳುವ ಅಧಿಕಾರವು ಯಾರಿಗಿದೆ?

ಇಂಥ ವಿವಾದವು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಕಾನನ್ ಡಾಯಲನು 1893ರಲ್ಲಿ ಹೋಮ್ಸನನ್ನು ಜಲಪಾತದಲ್ಲಿ ಬೀಳಿಸಿ ಕಥೆಯನ್ನು ಮುಗಿಸಿದಾಗ ವಾಚಕರು ಕೋಪಗೊಂಡರು. ಕಡೆಗೆ 1903ರಲ್ಲಿ ಅವನನ್ನು ಬದುಕಿಸಬೇಕಾಯಿತು. ಅಗಾಥಾ ಕ್ರಿಸ್ಟಿಯು 1926ರಲ್ಲಿ ರೋಜರ್ ಆಕ್ರಾಯ್ಡನ ಕೊಲೆಯ ಕಥೆಯನ್ನು ಪ್ರಕಟಿಸಿದಾಗ, ಕಥೆ ಹೇಳುವವನನ್ನೇ ಅಪರಾಧಿಯನ್ನಾಗಿ ಮಾಡಿದುದು ಚಾತುರ್ಯವೋ ಮೋಸವೋ ಎಂದು ಓದುಗರು ಎರಡು ಪಕ್ಷವಾದರು. 1945ರಲ್ಲಿ ಎಡ್ಮಂಡ್ ವಿಲ್ಸನ್ ಎಂಬ ಅಮೆರಿಕದ ವಿಮರ್ಶಕನು, ಆಕ್ರಾಯ್ಡನನ್ನು ಯಾರು ಕೊಂದರೇನೆಂದು ಕೇಳುವ ಶೀರ್ಷಿಕೆಯನ್ನೇ ಕೊಟ್ಟು ಈ ಬಗೆಯ ಸಾಹಿತ್ಯವನ್ನೆಲ್ಲ ಧಿಕ್ಕರಿಸಿದನು. ಅಲ್ಲಿ ನಿಂದೆಯಾದರೂ ಬರಹದಲ್ಲಿ ನಡೆಯಿತು. ಇಲ್ಲಿ ನಡೆದುದು ಮೌನದಲ್ಲಿ. ಅ.ನ.ಕೃ. ಅವರ ಕೆಲವು ಕಾದಂಬರಿಗಳು ಅಶ್ಲೀಲವೆಂದು ಅದೇ ಕಾಲದಲ್ಲಿ ಎದ್ದ ವಾಗ್ವಾದವು ಗ್ರಂಥಗಳಲ್ಲಿ ಉಳಿದಿದೆ. ಪತ್ತೇದಾರಿ ಕಾದಂಬರಿಗೆ ಅಂಥ ನಿಂದೆಯ ಭಾಗ್ಯವೂ ಬರಲಿಲ್ಲ.

ಅಜ್ಜಂಪುರದ ಹೆಸರು ಬಂದ ಮೇಲೆ ಇನ್ನೊಂದು ಕೃತಿಯನ್ನು ನೆನೆಯದಿರಲಾಗದು. ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ ಅಜ್ಜಂಪುರ ಸೀತಾರಾಮರು (1902–1963) 'ಆನಂದ' ಎಂಬ ಕಾವ್ಯನಾಮದಿಂದ ಬರೆದ 'ನಾನು ಕೊಂದ ಹುಡುಗಿ' ಎಂಬ ಸಣ್ಣಕಥೆಯದು. ಅದು ಪತ್ತೇದಾರಿ ಕಥೆಯಲ್ಲ. ಆದರೂ ಹೆಸರಿನಲ್ಲಿಯೇ ಕೊಲೆಯಿದೆ, ಕೊಲೆಗಾರನೂ ಇದ್ದಾನೆ. ದೇಗುಲಗಳನ್ನು ನೋಡುತ್ತ ಬಂದ ಸುಶಿಕ್ಷಿತನೊಬ್ಬನು ಹಳ್ಳಿಯ ಮನೆಯಲ್ಲಿ ಇಳಿದುಕೊಂಡಿರುವಾಗ, ಬಸವಿಯಾಗಿ ಬಿಡಲ್ಪಟ್ಟ ಆ ಮನೆಯ ಮಗಳು ರಾತ್ರಿ ಅವನ ಬಳಿಗೆ ಬರುವಳು. ಅವನು ಅವಳಿಗೆ ನೀತಿಯನ್ನು ಬೋಧಿಸಿ ಕಳುಹಿಸುವನು; ಮರುದಿನ ಅವಳ ದೇಹವು ಬಾವಿಯಲ್ಲಿ ದೊರೆಯುವುದು. ಪುರುಷೋತ್ತಮನನ್ನು ಈ ಬಾವಿಯ ಬಳಿಗೆ ಕರೆದರೆ ಅವನಿಗೆ ಮಾಡಲು ಕೆಲಸವಿಲ್ಲ. ಬೆರಳಿನ ಗುರುತಿಲ್ಲ, ವಿಷದ ಸೀಸೆಯಿಲ್ಲ, ಉಯಿಲಿಲ್ಲ. ನ್ಯಾಯಸ್ಥಾನವು ಆ ಸುಶಿಕ್ಷಿತನನ್ನು ನಿರಪರಾಧಿಯೆಂದು ಬಿಡುವುದು. ಅವನು ತನ್ನನ್ನು ಬಿಡಲಾರನು. ಅವನು ಕೊಂದನೆಂದು ಒಪ್ಪದವರೂ ಉಂಟು: ಕೊಂದುದು ರೂಢಿಯು, ತಂದೆತಾಯಿಗಳ ಮೂಢಭಕ್ತಿಯು, ಅವನು ನಿಮಿತ್ತಮಾತ್ರನು ಎಂಬುದು ಅವರ ವಾದ. ಬೋಧನೆಯೇ ಕೊಂದಿತೆಂಬುದು ಇತರರ ವಾದ. ಪತ್ತೇದಾರಿ ಕಥೆಯ ವಾಚಕರು ಕಡೆಯ ಪುಟದವರೆಗೆ ಜಗಳವಾಡಿ ಅಲ್ಲಿ ಒಂದಾಗುವರು. ಈ ಕಥೆಯ ವಾಚಕರ ಜಗಳವು ಕಡೆಯ ಪುಟದಲ್ಲಿ ಆರಂಭವಾಗುವುದು. ಉಪಾಧ್ಯಾಯರು ಹುಡುಕುತ್ತಿದ್ದ ವ್ಯತ್ಯಾಸವು ಇದೇ ಎಂದು ತೋರುತ್ತದೆ. ಅದನ್ನು ಅವರು ಭಾಷೆಯ ದೋಷವೆಂದು ಹೇಳಿ ಹುಡುಗನ ಕಿವಿ ಹಿಂಡಿದರು. ಎರಡು ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದ್ದರೆ ಹುಡುಗನೇ ಕಾಣುತ್ತಿದ್ದನೇನೋ.

ಈ ಎರಡು ಮಾರ್ಗಗಳು ಎಂದಿಗೂ ಕೂಡಲಿಲ್ಲವೆಂದಲ್ಲ. ಇದೇ ಜಿಲ್ಲೆಯ ಮೂಡಿಗೆರೆಯ ಬಳಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಗಳ 'ಚಿದಂಬರ ರಹಸ್ಯ' (1985) ಗುಪ್ತಚಾರನೊಬ್ಬನ ವಿಚಾರಣೆಯ ನೆಪದಿಂದ ಹೊರಟು, ಊರಿನ ಕೇಡುಗಳೆಲ್ಲ ಒಂದರೊಳಗೊಂದು ಹೆಣೆದುಕೊಂಡು ಬೆಂಕಿಯಲ್ಲಿ ಕೊನೆಗಾಣುವುದನ್ನು ಹೇಳುವುದು. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ಮೂವತ್ತೈದು ವರ್ಷಗಳ ಹಿಂದೆ ಚೀಲದೊಳಗೆ ಬಚ್ಚಿಡುತ್ತಿದ್ದ ಕಥಾರೂಪವು ಹೀಗೆ ಸಭಾಮರ್ಯಾದೆಯನ್ನು ಪಡೆಯಿತು. 1994ರ 'ಜುಗಾರಿ ಕ್ರಾಸ್' ಇನ್ನೂ ನೇರವಾಗಿ ಅದೇ ವೇಗವನ್ನೂ ಅದೇ ಭಯವನ್ನೂ ಬಳಸಿಕೊಂಡಿತು. ಅದನ್ನು ತೇಜಸ್ವಿಗಳ ಉತ್ತಮ ಕೃತಿಯೆಂದು ಹೇಳುವವರೂ ಉಂಟು, ಬರಿಯ ರೋಮಾಂಚನವೆಂದು ಪಕ್ಕಕ್ಕಿಡುವವರೂ ಉಂಟು. ಹಳೆಯ ಜಗಳವು ಹೊಸ ರಕ್ಷಾಪುಟದಲ್ಲಿ ಮುಂದುವರಿದಿದೆಯೆಂದಷ್ಟೇ ಹೇಳಬೇಕು. ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ಕನ್ನಡಕ್ಕೆ ತಂದವರೂ ತೇಜಸ್ವಿಗಳೇ. ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ನರಭಕ್ಷಕನ ಕಥೆಯು ಆಂಡರ್ಸನ್ನನ 1954ರ ಪುಸ್ತಕದಲ್ಲಿದೆ. ಹೆಜ್ಜೆಯ ಗುರುತಿನಿಂದ ಅಪರಾಧಿಯ ವಯಸ್ಸನ್ನೂ ಕುಂಟುತನವನ್ನೂ ತಿಳಿಯುವ ಆ ಬೇಟೆಗಾರನಿಗಿಂತ ಹೆಚ್ಚಿನ ಪತ್ತೇದಾರನಾರು?

ಈ ಚರಿತ್ರೆಯನ್ನು ಪೂರ್ಣವಾಗಿ ಬರೆಯಹೊರಟವರಿಗೆ ದೊಡ್ಡ ಅಡಚಣೆಯು ಸಾಮಗ್ರಿಯ ಅಭಾವ. ಅಗ್ಗದ ಕಾಗದದ ಈ ಪುಸ್ತಕಗಳು ಕೈಯಿಂದ ಕೈಗೆ ಹೋಗಿ ಹರಿದುವು. ಬಾಡಿಗೆಯ ಪುಸ್ತಕದಂಗಡಿಗಳು ಮುಚ್ಚಿದಾಗ ತೂಕಕ್ಕೆ ಹೋದುವು. ಉಳಿದಿರುವ ಪ್ರತಿಗಳು ಮನೆಗಳ ಅಟ್ಟದ ಮೇಲೆ, ಹಳೆಯ ಪಂಚಾಂಗಗಳ ಮತ್ತು ಮದುವೆಯ ಲಗ್ನಪತ್ರಿಕೆಗಳ ಕಂತೆಗಳ ನಡುವೆ ಇರತಕ್ಕವು. ಅವುಗಳ ಮೊದಲ ಪುಟದಲ್ಲಿ ಕೊಂಡವರ ಹೆಸರು, ಊರು, ತಾರೀಖುಗಳಿರುವುದುಂಟು. ಅಂಚಿನಲ್ಲಿ ಸೀಸದ ಕಡ್ಡಿಯಿಂದ 'ಇವನೇ ಕೊಲೆಗಾರ' ಎಂದು ಮೊದಲೇ ಬರೆದು ಮುಂದಿನ ಓದುಗನ ಸುಖವನ್ನು ಕೆಡಿಸಿದ ಪುಣ್ಯಾತ್ಮರೂ ಉಂಟು. ವಾಚಕರ ಅಭಿಪ್ರಾಯಕ್ಕೆ ಅವಕ್ಕಿಂತ ಪ್ರತ್ಯಕ್ಷವಾದ ಪ್ರಮಾಣವು ಬೇರೆ ಇಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಹಳೆಯ ಮನೆಗಳು ಒಂದೊಂದಾಗಿ ಕೆಡಹಲ್ಪಡುತ್ತಿರುವ ಈ ದಿನಗಳಲ್ಲಿ ಅಟ್ಟದಿಂದ ಇಳಿದ ಕಂತೆಯು ಹಳೆಯ ಕಾಗದದವನ ತಕ್ಕಡಿಗೆ ಹೋಗುವ ಮೊದಲು, ತಾಳೆಯೋಲೆಗಳನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಅದನ್ನೂ ಬಿಚ್ಚಿ ನೋಡತಕ್ಕದ್ದು.